ಹಿರಿಯರ ವಸತಿ ಸಮುಚ್ಚಯ ಒಳಗಿಂದ ಹೇಗಿದೆ ಅಂತ ಹೊರಗಿನವರಿಗೆ ತಿಳಿಯೋದು ಹೇಗೆ?

ಮಳೆಗಾಲದಕೊಡೆ
ಅಮ್ಮನಿಗೆ 81. ತಲೆ ನಮ್ಮೆಲ್ಲರಿಗಿಂತ ಚುರುಕು. ಆದರೆ ಈಚೆಗೆ ಬಚ್ಚಲಲ್ಲಿ ಜಾರಿ ಬಿದ್ದರು, ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಅನ್ನೋ ಅನುಮಾನ ಬೇರೆ ದಿನಾ. ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗ್ತೀನಿ ಅಂತ ಹೇಳಿದ್ದು ಅವರೇ. ಹಾಗಾಗಿ "ಹೆತ್ತವರನ್ನ ಹೊರಗೆ ಹಾಕ್ತೀರಾ" ಅನ್ನೋ ಉಪದೇಶ ಬೇಡ, ದಯವಿಟ್ಟು.

ಎರಡು ಜಾಗ ನೋಡಿಟ್ಟಿದ್ದೀವಿ. ಒಂದು ಹೊಸದು: ಜಿಮ್ಮು, ಸಿನಿಮಾ ಹಾಲು, ಮುಖ ಕಾಣೋಷ್ಟು ಹೊಳೆಯೋ ನೆಲ. ಇನ್ನೊಂದು ಹಳೇ ಕಟ್ಟಡ, ಬಣ್ಣ ಮಾಸಿದೆ, ಆದರೆ ಜಗಲಿಯಲ್ಲಿ ಕೂತಿದ್ದವರು ಜೋರಾಗಿ ಜಗಳ ಆಡೋಷ್ಟು ಆರಾಮಾಗಿದ್ದರು. ಅಣ್ಣನಿಗೆ ಮೊದಲನೇದು, ಅಕ್ಕನಿಗೆ ಎರಡನೇದು. ಎರಡೂ ಕಡೆ "ಇಪ್ಪತ್ತನಾಲ್ಕು ಗಂಟೆ ಆರೈಕೆ" ಅನ್ನೋ ಮಾತು ಒಂದೇ. ನಿಜವಾಗಿ ಹೇಗೆ ನಡೆಸ್ತಾರೆ, ಸುರಕ್ಷಿತವಾ ಅಂತ ಕಂಡುಕೊಳ್ಳೋದು ಹೇಗೆ? ಗೊತ್ತಿದ್ದವರು ಹೇಳಿ.

ಸುಮ್ನೆಓದೋನು
ಆನ್‌ಲೈನ್ ರಿವ್ಯೂ ನೋಡಿ. ನಾಲ್ಕು ಸ್ಟಾರ್ ದಾಟಿದ್ರೆ ಸೇರಿಸಿ. ಇಷ್ಟಕ್ಕೆ ಇಷ್ಟುದ್ದ ಪೋಸ್ಟಾ?

ಮೊಂಡುವಾದಿ
ಅವರೇನು ಹೋಟೆಲ್ ರೂಮ್ ಬುಕ್ ಮಾಡ್ತಿಲ್ಲ ಗುರು. ಐದು ಸ್ಟಾರ್ ಕೊಡೋರಲ್ಲಿ ಎಷ್ಟೋ ಜನ ಸೇರಿದ ಹೊಸದರಲ್ಲೇ ಬರೆದವರು, ಇನ್ನು ಕೆಲವರು ಅಲ್ಲಿ ಕೆಲಸ ಮಾಡೋರು. ಒಂದು ಸ್ಟಾರ್ ಕೊಟ್ಟವರದ್ದು ಓದಿ, ಅದಕ್ಕೆ ಆಡಳಿತದವರು ಏನು ಉತ್ತರ ಕೊಟ್ಟಿದ್ದಾರೆ ನೋಡಿ. ಎಲ್ಲದಕ್ಕೂ "ವಿಷಾದವಿದೆ, ನಮ್ಮನ್ನು ಸಂಪರ್ಕಿಸಿ" ಅಂತ ಅದೇ ಸಾಲು ಅಂಟಿಸಿದ್ರೆ ಗೊತ್ತಾಯ್ತಲ್ಲ. ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆಯವರು ಒಂದೇ ದೂರು ಹೇಳಿದ್ರೆ ಅದನ್ನ ಕಣ್ಣು ಮುಚ್ಚಿ ನಂಬಿ.

ರಾತ್ರಿಪಾಳಿ
ಇಂಥ ಕಡೆಗಳಲ್ಲೇ ನರ್ಸ್ ಆಗಿ ದುಡಿದವಳು ನಾನು. ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಬಿಟ್ಟು ಮುಂದೆ ಹೋಗಿ.

ಮೊದಲೇ ಹೇಳಿಟ್ಟು ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಬೇಡಿ. ಆ ಹೊತ್ತಲ್ಲಿ ಎಲ್ಲಾ ಕಡೆಯೂ ಎಲ್ಲವೂ ಚೆನ್ನಾಗೇ ಇರುತ್ತೆ. ಭಾನುವಾರ ಸಂಜೆ ಹೋಗಿ, ಇಲ್ಲ ರಾತ್ರಿ ಊಟದ ಹೊತ್ತಿಗೆ. ಮ್ಯಾನೇಜರ್ ಇರಲ್ಲ, ಪಾಳಿ ಬದಲಾಗ್ತಿರುತ್ತೆ, ಆಗ ಕಾಣೋದೇ ಅಸಲು. ಒಂದೇ ಪ್ರಶ್ನೆ ಕೇಳೋಕೆ ಅವಕಾಶ ಅಂದ್ರೆ ಇದನ್ನ ಕೇಳಿ: ರಾತ್ರಿ ಎರಡು ಗಂಟೆಗೆ ಈ ಕಟ್ಟಡದಲ್ಲಿ ಎಚ್ಚರವಾಗಿರೋ ಸಿಬ್ಬಂದಿ ಎಷ್ಟು, ನಿವಾಸಿಗಳು ಎಷ್ಟು, ಆ ಸಿಬ್ಬಂದಿಯಲ್ಲಿ ನರ್ಸಿಂಗ್ ಓದಿದವರು ಯಾರು? "ಡಾಕ್ಟರ್ ಆನ್ ಕಾಲ್ ಇದ್ದಾರೆ" ಅನ್ನೋದು ಉತ್ತರ ಅಲ್ಲ. ಫೋನು ನಮ್ಮನೆಯಲ್ಲೂ ಇದೆ.

ಖಾಲಿ ರೂಮು ತೋರಿಸಿದಾಗ ಕೇಳಿಕೊಂಡು ಕಾಲ್ ಬೆಲ್ ಒತ್ತಿ, ಯಾರು ಎಷ್ಟು ಹೊತ್ತಿಗೆ ಬರ್ತಾರೆ ನೋಡಿ. ಬಚ್ಚಲಲ್ಲಿ ಬೆಲ್ಲಿನ ದಾರ ನೆಲದ ಹತ್ತಿರದವರೆಗೂ ಇಳಿದಿರಬೇಕು. ಬಿದ್ದವರಿಗೆ ಎದೆಮಟ್ಟದ ಸ್ವಿಚ್ಚು ಎಟುಕಲ್ಲ. ನೆಲ ಒರೆಸೋಕೆ ಅಡ್ಡ ಅಂತ ಆ ದಾರವನ್ನ ಮೇಲೆ ಸುತ್ತಿ ಕಟ್ಟಿರೋದನ್ನ ನಾನು ಎಷ್ಟೋ ಕಡೆ ಬಿಚ್ಚಿದ್ದೀನಿ.

ಆಮೇಲೆ ಅಲ್ಲಿರೋ ಜನರನ್ನ ನೋಡಿ. ಉಗುರು ಕತ್ತರಿಸಿದೆಯಾ, ಕನ್ನಡಕ ಒರೆಸಿದೆಯಾ, ಕಿವಿಯ ಮಷಿನ್ ಕಿವಿಯಲ್ಲಿದೆಯಾ ಡ್ರಾಯರಿನಲ್ಲಿದೆಯಾ, ನೀರಿನ ಲೋಟ ಕೈಗೆ ಸಿಗೋ ಹಾಗಿದೆಯಾ. ವಯಸ್ಸಾದ ಹಾಗೆ ಬಾಯಾರಿಕೆ ಆಗೋದೇ ಕಡಿಮೆ. "ಕೇಳಿದ್ರೆ ಕೊಡ್ತೀವಿ" ಅಂದ್ರೆ ಸಾಲದು, ನೆನಪಿಟ್ಟು ಕುಡಿಸಬೇಕು. ನೀರು ಕಡಿಮೆಯಾದ್ರೆ ಮಲಬದ್ಧತೆ, ಮೂತ್ರದ ಸೋಂಕು, ಇದ್ದಕ್ಕಿದ್ದ ಹಾಗೆ ದಿಕ್ಕು ತೋಚದ ಗೊಂದಲ, ಬೀಳೋದು, ಎಲ್ಲ ಬೆನ್ನಿಗೇ ಬರುತ್ತೆ.

ತಿಂಗಳಿಗೊಮ್ಮೆ ಎಲ್ಲರ ತೂಕ ಬರೆದಿಡ್ತಾರಾ ಅಂತಲೂ ವಿಚಾರಿಸಿ. ತಾವಾಗಿ ಇಳಿಸದೆ ಒಂದು ತಿಂಗಳಲ್ಲಿ ಶೇ 5 ಅಥವಾ ಆರು ತಿಂಗಳಲ್ಲಿ ಶೇ 10 ತೂಕ ಇಳಿದ್ರೆ ಅದು ಗಂಭೀರ. ಹಾಸಿಗೆ ಹಿಡಿದವರಿದ್ರೆ ಬೆಡ್ ಸೋರ್ (ಮಲಗಿದ ಕಡೆಯೇ ಮಲಗಿ ಮೈಗೆ ಆಗೋ ಹುಣ್ಣು) ಎಷ್ಟು ಜನಕ್ಕಿದೆ, ಬರುವಾಗಲೇ ಇದ್ದದ್ದೆಷ್ಟು, ಇಲ್ಲಿಗೆ ಬಂದ ಮೇಲೆ ಆದದ್ದೆಷ್ಟು ಅಂತ ಬಿಡಿಸಿ ಕೇಳಿ.

ಮಳೆಗಾಲದಕೊಡೆ
ಇಷ್ಟೆಲ್ಲ ಕೇಳಿದ್ರೆ ಉತ್ತರ ಕೊಡ್ತಾರಾ? "ಪೊಲೀಸ್ ತನಿಖೆ ಮಾಡೋಕೆ ಹೊರಟಿದ್ದೀಯಾ" ಅಂತ ಅಣ್ಣ ಈಗಲೇ ಶುರು ಮಾಡಿದ್ದಾನೆ.

ರಾತ್ರಿಪಾಳಿ
ಕೆಲಸ ಗೊತ್ತಿದ್ದವರು ಖುಷಿಯಾಗಿ ಹೇಳ್ತಾರೆ. ಯಾರಿಗೆ ಏನಾಗಿದೆ ಅಂತ ಹೆಸರು ಹಿಡಿದು ಕೇಳಬೇಡಿ, ಅದನ್ನ ಅವರು ಹೇಳಲೂಬಾರದು. ಹೇಳಿಬಿಟ್ರೆ ನಾಳೆ ನಿಮ್ಮಮ್ಮನ ವಿಷಯವೂ ಹೀಗೇ ಹೊರಗೆ ಹೋಗುತ್ತೆ ಅಂತ ತಿಳ್ಕೊಳ್ಳಿ. ಸಂಖ್ಯೆ ಕೇಳಿ, ಸಾಕು.

ಮೂರನೇಮಹಡಿ
ನಮ್ಮ ಮಾವನವರು ಇರೋ ಕಡೆ ವರ್ಷಗಳಿಂದ ಒಬ್ಬರೂ ಬಿದ್ದಿಲ್ಲವಂತೆ. ಮ್ಯಾನೇಜರ್ರೇ ಹೇಳಿದ್ರು. ಇದಕ್ಕಿಂತ ಸುರಕ್ಷತೆ ಇನ್ನೇನು ಬೇಕು?

ಮೊಂಡುವಾದಿ
ಹೆದರಿಕೆ ಆಗಬೇಕಾದ್ದೇ ಅದಕ್ಕೆ. ವಯಸ್ಸಾದವರು ನಡೆದಾಡಿದ್ರೆ ಆಗಾಗ ಬೀಳೋರೇ. ಯಾರೂ ಬಿದ್ದಿಲ್ಲ ಅಂದ್ರೆ ಒಂದೋ ಬರೆದಿಡ್ತಿಲ್ಲ, ಇಲ್ಲ ಯಾರನ್ನೂ ಕುರ್ಚಿ ಬಿಟ್ಟು ಏಳೋಕೆ ಬಿಡ್ತಿಲ್ಲ.

ಮೂರನೇಮಹಡಿ
ಬಿದ್ರೂ ತಪ್ಪು, ಬೀಳದಿದ್ರೂ ತಪ್ಪು. ನಿಮ್ಮ ಹೆಸರು ಸರಿಯಾಗೇ ಇಟ್ಕೊಂಡಿದ್ದೀರಿ.

ರಾತ್ರಿಪಾಳಿ
ಈ ವಿಷಯದಲ್ಲಿ ಮೊಂಡುವಾದಿ ಹೇಳಿದ್ದೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯ್ತಾರೆ, ಅದರಲ್ಲಿ 60 ದಾಟಿದವರೇ ಹೆಚ್ಚು. ಬೀಳೋದನ್ನ ಪೂರ್ತಿ ನಿಲ್ಲಿಸೋಕೆ ಆಗಲ್ಲ. "ಕೊನೇ ಸಲ ಯಾರೋ ಬಿದ್ದಾಗ ಏನು ಮಾಡಿದ್ರಿ, ಆಮೇಲೆ ಏನು ಬದಲಾಯಿಸಿದ್ರಿ" ಅಂತ ಕೇಳಿ. ಮನೆಯವರಿಗೆ ಅದೇ ದಿನ ತಿಳಿಸಿದ್ವಿ, ಮಾತ್ರೆ ಮತ್ತೆ ನೋಡಿಸಿದ್ವಿ, ಕಣ್ಣು ತೋರಿಸಿದ್ವಿ, ಚಪ್ಪಲಿ ಬದಲಾಯಿಸಿದ್ವಿ, ಶೌಚಾಲಯಕ್ಕೆ ಹೋಗೋ ದಾರಿಗೆ ರಾತ್ರಿ ದೀಪ ಹಾಕಿಸಿದ್ವಿ, ಹೀಗೆ ಕೆಲಸದ ಮಾತು ಬರಬೇಕು. "ಮಂಚಕ್ಕೆ ಕಂಬಿ ಹಾಕಿದ್ವಿ" ಅಂದ್ರೆ ಇನ್ನೊಂದು ಪ್ರಶ್ನೆ ಕೇಳಿ. ಕಂಬಿ ಹತ್ತಿ ದಾಟೋಕೆ ಹೋದವರು ಇನ್ನೂ ಎತ್ತರದಿಂದ ಬೀಳ್ತಾರೆ. ಕಂಬಿ ಮತ್ತು ಹಾಸಿಗೆ ನಡುವೆ ತಲೆ ಸಿಕ್ಕಿಕೊಂಡು ಸತ್ತವರೂ ಇದ್ದಾರೆ.

ಕುರ್ಚಿಗೆ ಕಟ್ಟೋದಂತೂ ಬೇಡವೇ ಬೇಡ. ಸಿಬ್ಬಂದಿಯ ಅನುಕೂಲಕ್ಕೋ ಶಿಕ್ಷೆಗೋ ನಿವಾಸಿಗಳನ್ನ ಕಟ್ಟಿಹಾಕಬಾರದು ಅಂತ ಅಮೆರಿಕದಲ್ಲಿ 1987ರಲ್ಲೇ ಕಾನೂನು ಬಂತು.

ಗುಳಿಗೆಡಬ್ಬಿ
ಔಷಧಿ ಕಡೆಯವನು ನಾನು, ಆದ್ದರಿಂದ ಒಂದು ಸೇರಿಸ್ತೀನಿ. ಕಟ್ಟೋಕೆ ಹಗ್ಗವೇ ಬೇಕಿಲ್ಲ, ಮಾತ್ರೆಯೂ ಸಾಕು. ಮಧ್ಯಾಹ್ನ ನಾಲ್ಕಕ್ಕೆ ಹೋದಾಗ ಹಾಲ್ ತುಂಬಾ ಜನ ತಲೆ ಜೋಲು ಹಾಕಿ ತೂಗ್ತಿದ್ರೆ "ಎಷ್ಟು ಶಾಂತವಾಗಿದೆ" ಅಂತ ಮೆಚ್ಚಬೇಡಿ.

ಮನೋರೋಗಕ್ಕೆ ಕೊಡೋ ಆಂಟಿಸೈಕೋಟಿಕ್ ಔಷಧಿಗಳನ್ನ ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ, ಇರೋ ವೃದ್ಧರಿಗೆ ಕೊಟ್ಟಾಗ ಸಾವಿನ ಅಪಾಯ ಹೆಚ್ಚುತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಪೀಳಿಗೆಯ ಔಷಧಿಗಳಿಗೆ, 2008ರಲ್ಲಿ ಹಳೆಯವಕ್ಕೂ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಲೆವಿ ಬಾಡಿ ಅನ್ನೋ ಬಗೆಯ ಡಿಮೆನ್ಶಿಯಾ ಇದ್ದವರಿಗಂತೂ ಸಣ್ಣ ಡೋಸೂ ಮೈ ಮರಗಟ್ಟಿಸಬಹುದು. ಕೊಡಲೇಬಾರದು ಅಂತಲ್ಲ, ಕೆಲವೊಮ್ಮೆ ಬೇಕಾಗುತ್ತೆ. ಯಾಕೆ ಕೊಡ್ತಿದ್ದಾರೆ, ಯಾವಾಗ ನಿಲ್ಲಿಸಿ ನೋಡ್ತಾರೆ, ಮನೆಯವರ ಒಪ್ಪಿಗೆ ಬರಹದಲ್ಲಿ ತಗೊಂಡಿದ್ದಾರಾ ಅನ್ನೋದು ಮುಖ್ಯ.

ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳೂ ಹಿರಿಯರನ್ನ ಬೀಳಿಸ್ತವೆ. ಇಂಥವುಗಳಿಗೆ ಬಿಯರ್ಸ್ ಪಟ್ಟಿ ಅಂತಲೇ ಒಂದಿದೆ. 1991ರಿಂದ ಇದೆ, ಆಗಾಗ ಪರಿಷ್ಕರಿಸ್ತಾರೆ, 2023ರದ್ದೂ ಇದೆ. ಅಮ್ಮನ ಔಷಧಿ ಚೀಟಿಯನ್ನ ವರ್ಷಕ್ಕೊಮ್ಮೆಯಾದ್ರೂ ಯಾರು ಕೂತು ಪೂರ್ತಿ ನೋಡ್ತಾರೆ ಅಂತ ಕೇಳಿ. "ತಂದ ಚೀಟಿಯಲ್ಲಿ ಇದ್ದದ್ದನ್ನ ಕೊಡ್ತಾ ಹೋಗ್ತೀವಿ" ಅಂದ್ರೆ ಎದ್ದು ಬನ್ನಿ. ಮತ್ತೆ, ಮಾತ್ರೆ ಕೊಟ್ಟ ಚಾರ್ಟ್ ತೋರಿಸಿ ಅನ್ನಿ. ರಾತ್ರಿ ಎಂಟರ ಖಾನೆಗೆ ಸಂಜೆ ಐದಕ್ಕೇ ಸಹಿ ಬಿದ್ದಿರೋದು ಕಂಡ್ರೆ ಮುಂದೆ ಏನೂ ಕೇಳೋ ಅಗತ್ಯ ಇಲ್ಲ.

ಸುಮ್ನೆಓದೋನು
ನಮ್ಮಜ್ಜ ಮನೆಯಲ್ಲೂ ನಾಲ್ಕು ಗಂಟೆಗೆ ತೂಗ್ತಾ ಇದ್ರು ಸ್ವಾಮಿ. ಅವರಿಗೆ ಯಾರು ಮಾತ್ರೆ ಹಾಕಿದ್ರು?

ಗುಳಿಗೆಡಬ್ಬಿ
ಒಬ್ಬರು ತೂಗಿದ್ರೆ ನಿದ್ದೆ. ಹಾಲ್‌ಗೆ ಹಾಲೇ ತೂಗಿದ್ರೆ ಚಾರ್ಟ್ ನೋಡಬೇಕು.

ಹಳೇಸೈಕಲ್
ಯಾರೂ ಬೆಂಕಿ ವಿಷಯ ಎತ್ತಲೇ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲೀಲ್-ವೆರ್ಟ್ ಅನ್ನೋ ಸಣ್ಣ ಊರಲ್ಲಿ 2014ರ ಜನವರಿ ರಾತ್ರಿಯೊಂದರಲ್ಲಿ ಹಿರಿಯರ ನಿವಾಸಕ್ಕೆ ಬೆಂಕಿ ಬಿತ್ತು. 32 ಜನ ಸತ್ತರು. ಆ ಕಟ್ಟಡದ ಹೊಸ ಭಾಗದಲ್ಲಿ ನೀರು ಚಿಮ್ಮೋ ಸ್ಪ್ರಿಂಕ್ಲರ್ ಇತ್ತು, ಹಳೇ ಭಾಗದಲ್ಲಿ ಇರಲಿಲ್ಲ. ಹಾಗಾಗಿ ಮೊದಲು ತಲೆ ಎತ್ತಿ ಚಾವಣಿ ನೋಡಿ, ಅಮ್ಮನಿಗೆ ಕೊಡೋ ರೂಮಿನಲ್ಲೇ ನೋಡಿ, ಸ್ವಾಗತದ ಹಾಲಿನಲ್ಲಲ್ಲ. ತಾನಾಗಿ ಮುಚ್ಚಿಕೊಳ್ಳಬೇಕಾದ ಬೆಂಕಿ ಬಾಗಿಲುಗಳಿಗೆ ಕಲ್ಲೋ ಕುರ್ಚಿಯೋ ಒತ್ತು ಕೊಟ್ಟು ತೆರೆದಿಟ್ಟಿದ್ದಾರಾ ನೋಡಿ. ಹೊಗೆಯನ್ನ ತಡೆಯೋದು ಅದೇ ಬಾಗಿಲು. ವೀಲ್‌ಚೇರ್‌ನವರನ್ನ ಮೆಟ್ಟಿಲಲ್ಲಿ ಇಳಿಸೋಕೆ ಹೊತ್ತು ಬೇಕು, ಅಲ್ಲಿವರೆಗೆ ಅದೇ ಮಹಡಿಯಲ್ಲಿ ಇಂಥ ಬಾಗಿಲಿನ ಆಚೆ ಬದಿಗೆ ಸಾಗಿಸಬೇಕಾಗುತ್ತೆ. ರಾತ್ರಿ ಪಾಳಿಯವರು ಈ ಅಭ್ಯಾಸ ಯಾವಾಗ ಮಾಡಿದ್ರು ಅಂತ ಕೇಳಿ. ಹಗಲಲ್ಲಿ ಎಲ್ಲರೂ ಮಾಡ್ತಾರೆ.

ಇನ್ನು ಜನರೇಟರ್. "ಇದೆಯಾ" ಅಂತ ಕೇಳಬೇಡಿ, "ಅದಕ್ಕೆ ಏನೇನು ಜೋಡಿಸಿದ್ದೀರಿ" ಅಂತ ಕೇಳಿ. 2017ರಲ್ಲಿ ಇರ್ಮಾ ಚಂಡಮಾರುತ ಬಡಿದ ಮೇಲೆ ಅಮೆರಿಕದ ಫ್ಲಾರಿಡಾದ ಒಂದು ನರ್ಸಿಂಗ್ ಹೋಮಿನಲ್ಲಿ (ಅಲ್ಲಿ ಹಾಗಂದ್ರೆ ನರ್ಸಿಂಗ್ ಆರೈಕೆ ಕೊಡೋ ನಿವಾಸ, ನಮ್ಮಲ್ಲಿಯ ಹಾಗೆ ಆಸ್ಪತ್ರೆ ಅಲ್ಲ) ಸೆಕೆಗೆ 12 ಜನ ಸತ್ತರು. ಕಟ್ಟಡದಲ್ಲಿ ಕರೆಂಟಿತ್ತು, ಹವಾನಿಯಂತ್ರಣಕ್ಕೆ ಮಾತ್ರ ಇರಲಿಲ್ಲ. ಎದುರುಗಡೆ ರಸ್ತೆ ದಾಟಿದ್ರೆ ಆಸ್ಪತ್ರೆ. ಯಾವಾಗ ಜನರನ್ನ ಹೊರಗೆ ಸಾಗಿಸಬೇಕು ಅಂತ ನಿರ್ಧಾರ ತಗೊಳ್ಳೋರು ಯಾರು ಅನ್ನೋದು ಮೊದಲೇ ಗೊತ್ತಿರಬೇಕು.

ಮೂರನೇಮಹಡಿ
ಲಿಫ್ಟ್ ಕೆಟ್ಟರೆ? ನಮ್ಮ ಮಾವನವರು ಲಿಫ್ಟ್ ರಿಪೇರಿ ಆಗೋವರೆಗೂ ಕೆಳಗೆ ಇಳಿಯೋಕೇ ಆಗ್ಲಿಲ್ಲ. ಊಟ ಮೇಲಕ್ಕೇ ತಂದುಕೊಟ್ರು, ಅದೊಂದು ಸರಿ.

ಹಳೇಸೈಕಲ್
ಒಂದೇ ಲಿಫ್ಟ್ ಇದ್ರೆ ಕೆಳಗಿನ ಮಹಡಿ ಕೇಳಿ. ಸ್ಟ್ರೆಚರ್ ಅಡ್ಡಡ್ಡ ಹಿಡಿಸುತ್ತಾ ಅಂತಲೂ ನೋಡಿ.

ಕಿಟಕಿಪಕ್ಕ
ಎಲ್ಲವನ್ನೂ ಓದಿದೆ. ನಾನು ಇಂಥ ಕಡೆಯೇ ಇರೋಳು, ವಯಸ್ಸು 79, ಟೈಪಿಂಗ್ ನಿಧಾನ. ಸ್ಪ್ರಿಂಕ್ಲರ್ ಎಣಿಸಿದ್ರಿ, ಉಗುರು ನೋಡಿದ್ರಿ, ಒಳ್ಳೇದು. ಆದರೆ ಮಳೆಗಾಲದಕೊಡೆ ಅವರೇ, ಅಣ್ಣನಿಗೆ ಅದು, ಅಕ್ಕನಿಗೆ ಇದು ಅಂದ್ರಲ್ಲ, ಅಮ್ಮನಿಗೆ ಯಾವುದು? ಅದನ್ನ ಇಲ್ಲಿ ಯಾರೂ ಕೇಳಲಿಲ್ಲ.

ಸೇರೋಕೆ ಮುಂಚೆ ನಾನು ನೋಡಿದ್ದು ಬೇರೆ. ಬಾಗಿಲು ತಟ್ಟಿ, ಉತ್ತರಕ್ಕೆ ಕಾದು, ಆಮೇಲೆ ಒಳಗೆ ಬರ್ತಾರಾ? ನನ್ನ ರೂಮಿಗೆ ನಾನು ಚಿಲಕ ಹಾಕಬಹುದಾ? ಬೆಳಿಗ್ಗೆ ಒಂಬತ್ತರವರೆಗೆ ಮಲಗಬೇಕು ಅಂದ್ರೆ ಮಲಗಬಹುದಾ, ಇಲ್ಲಾ ಅವರ ಪಾಳಿ ಮುಗಿಯೋಕೆ ಮುಂಚೆ ಎಲ್ಲರಿಗೂ ಸ್ನಾನ ಮಾಡಿಸಿ ಕೂರಿಸ್ತಾರಾ? ವೀಲ್‌ಚೇರ್‌ನಲ್ಲಿ ಇರೋರ ಜೊತೆ ಬಗ್ಗಿ ಮುಖ ನೋಡಿ ಮಾತಾಡ್ತಾರಾ, ತಳ್ಳುವವರ ಜೊತೆ ಅವರ ತಲೆ ಮೇಲಿಂದ ಮಾತಾಡ್ತಾರಾ? "ಅಜ್ಜಿ ಊಟ ಮಾಡ್ತಾ?" ಅಂತ ಎದುರಿಗೇ ಕೂತ ನನ್ನನ್ನ ಬಿಟ್ಟು ಮಗಳನ್ನ ಕೇಳಿದ ಒಂದು ಜಾಗವನ್ನ ನಾನು ಅಲ್ಲೇ ಕೈಬಿಟ್ಟೆ.

ನಿಮಗೆ ತೋರಿಸೋಕೆ ಅಂತ ಮ್ಯಾನೇಜರ್ ಇಬ್ಬರು ಮೂವರನ್ನ ಆರಿಸಿ ಇಟ್ಟಿರ್ತಾರೆ. ಅವರನ್ನ ಬಿಟ್ಟು ಮೂಲೆಯಲ್ಲಿ ಒಬ್ಬರೇ ಕೂತವರ ಹತ್ತಿರ ಹೋಗಿ. "ಚೆನ್ನಾಗಿದೆಯಾ" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. "ಇಲ್ಲಿ ನಿಮಗೆ ಏನು ಹಿಡಿಸಲ್ಲ?" ಅಂತ ಕೇಳಿ. ಊಟದ ಮೇಲೆ ಹೇಳಿದ್ರೆ ಚಿಂತೆ ಇಲ್ಲ, ಊಟದ ಮೇಲೆ ಎಲ್ಲಾ ಕಡೆ ದೂರು ಇರುತ್ತೆ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ್ರೆ ಮಾತ್ರ ಯೋಚಿಸಿ.

ರಾತ್ರಿಪಾಳಿ
ಅಮ್ಮಾ, ನಾನು ಬರೆದಿದ್ದೆಲ್ಲ ಒಂದು ಕಡೆ, ಇದೊಂದು ಕಡೆ.

ಮಳೆಗಾಲದಕೊಡೆ
ಅಮ್ಮನಿಗೆ ಫೋಟೋ ತೋರಿಸಿದ್ವಿ ಅಷ್ಟೇ. ಈ ವಾರ ಕರ್ಕೊಂಡು ಹೋಗ್ತೀನಿ. ಅಗ್ರಿಮೆಂಟ್ ಬಗ್ಗೆಯೂ ಯಾರಾದ್ರೂ ಹೇಳ್ತೀರಾ? ಹೊಸ ಜಾಗದವರು ಠೇವಣಿ ಈ ತಿಂಗಳೇ ಕಟ್ಟಿ ಅಂತಿದ್ದಾರೆ.

ಲೆಕ್ಕದಪುಸ್ತಕ
ಆತುರ ಮಾಡಿಸೋರಿಗೆ ಠೇವಣಿ ಕಟ್ಟಬೇಡಿ. ಅಗ್ರಿಮೆಂಟಿನ ಪ್ರತಿ ಮನೆಗೆ ತಂದು ಓದೋಕೆ ಬಿಡದಿದ್ರೆ ಮಾತೇ ಮುಗೀತು.

ಅದರಲ್ಲಿ ನೀವು ಮೊದಲು ಹುಡುಕಬೇಕಾದ ಪುಟ ಹೊರಗೆ ಹೋಗೋ ಪುಟ. ಅಮ್ಮ ಈಗ ನಡೀತಾರೆ. ನಾಳೆ ಏಳೋಕೆ ಇಬ್ಬರು ಬೇಕಾದ್ರೆ, ಇಲ್ಲ ಮರೆವು ಬಂದ್ರೆ, ಅಲ್ಲೇ ಇಟ್ಕೋತಾರಾ? ಎಷ್ಟೋ ಕರಾರುಗಳಲ್ಲಿ "ನಿವಾಸಿಯ ಅಗತ್ಯಗಳು ಸಂಸ್ಥೆಯ ಸಾಮರ್ಥ್ಯ ಮೀರಿದಲ್ಲಿ" ಅಂತ ಒಂದು ಸಾಲು ಇರುತ್ತೆ. ಮೀರಿದೆ ಅಂತ ತೀರ್ಮಾನಿಸೋರು ಯಾರು? ಅವರೇನಾ, ಹೊರಗಿನ ಡಾಕ್ಟರಾ? ಎಷ್ಟು ದಿನದ ನೋಟಿಸು? ಬೇರೆ ಜಾಗ ಹುಡುಕಿಕೊಡೋ ಹೊಣೆ ಯಾರದ್ದು? ಸ್ವತಂತ್ರವಾಗಿ ಇರೋರಿಗೆ ಮನೆ ಕೊಡೋದು, ಸ್ನಾನ-ಬಟ್ಟೆಗೆ ನೆರವಾಗೋದು, ನರ್ಸಿಂಗ್ ಆರೈಕೆ, ಡಿಮೆನ್ಶಿಯಾ ವಿಭಾಗ, ಇವು ನಾಲ್ಕೂ ಬೇರೆ ಬೇರೆ. ಜಾಹೀರಾತಿನಲ್ಲಿ ಎಲ್ಲಾ ಒಂದೇ ಫೋಟೋದಲ್ಲಿ ನಗ್ತಿರ್ತವೆ.

ಆಮೇಲೆ ದುಡ್ಡು. ತಿಂಗಳ ಶುಲ್ಕದಲ್ಲಿ ಏನು ಸೇರಿದೆ ಅನ್ನೋದಕ್ಕಿಂತ ಏನು ಸೇರಿಲ್ಲ ಅಂತ ಬರೆಸಿಕೊಳ್ಳಿ: ಡೈಪರ್, ಆಸ್ಪತ್ರೆಗೆ ಜೊತೆ ಹೋಗೋರು, ರಾತ್ರಿ ಹೆಚ್ಚುವರಿ ಸಹಾಯ. ವರ್ಷ ವರ್ಷ ಶುಲ್ಕ ಏರಿಸೋದಕ್ಕೆ ಮಿತಿ ಇದೆಯಾ, ಇಲ್ಲ "ಕಾಲಕಾಲಕ್ಕೆ" ಅಂತ ಬಿಟ್ಟಿದ್ದಾರಾ. ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಶುಲ್ಕವಾ. ತೀರಿಕೊಂಡರೆ ರೂಮು ಎಷ್ಟು ದಿನದಲ್ಲಿ ಖಾಲಿ ಮಾಡಬೇಕು. ಠೇವಣಿ ವಾಪಸ್ ಬರೋದು ಯಾವಾಗ: ಇಷ್ಟು ದಿನದಲ್ಲಿ ಅಂತಲಾ, ಆ ಜಾಗಕ್ಕೆ ಇನ್ನೊಬ್ಬರು ಬಂದ ಮೇಲೆ ಅಂತಲಾ? ಎರಡನೇದಾದ್ರೆ ಅದಕ್ಕೆ ಕೊನೆ ದಿನಾಂಕವೇ ಇಲ್ಲ. ದೊಡ್ಡ ಮೊತ್ತ ಕಟ್ಟೋದಾದ್ರೆ ಆಡಿಟ್ ಆದ ಲೆಕ್ಕಪತ್ರ ಕೇಳಿ. ಸಂಸ್ಥೆ ಮುಳುಗಿದ್ರೆ ಠೇವಣಿದಾರರು ಸಾಲಿನಲ್ಲಿ ಎಲ್ಲಿ ನಿಲ್ತಾರೆ ಅಂತ ವಕೀಲರ ಹತ್ತಿರ ತಿಳ್ಕೊಳ್ಳಿ.

ಮೊಂಡುವಾದಿ
ಸಾವಿನ ವಿಷಯ ಅಗ್ರಿಮೆಂಟಿನಲ್ಲಿ ಓದೋಕೆ ಯಾರಿಗೂ ಮನಸ್ಸಾಗಲ್ಲ. ಅದಕ್ಕೇ ಆ ಪುಟ ಹಾಗಿರುತ್ತೆ.

ಸುಮ್ನೆಓದೋನು
ರೂಮಲ್ಲಿ ಕ್ಯಾಮೆರಾ ಇಡಿಸಿಬಿಡಿ. ಮೊಬೈಲಲ್ಲೇ ಎಲ್ಲಾ ಕಾಣುತ್ತೆ, ಈ ತಲೆನೋವೇ ಇಲ್ಲ.

ಕಿಟಕಿಪಕ್ಕ
ನಿಮ್ಮ ಮಲಗೋ ಕೋಣೆಯಲ್ಲಿ ಮೊದಲು ಇಡಿಸಿ.

ಮೂರನೇಮಹಡಿ
ಅಮ್ಮಾ, ಕೋಪ ಬೇಡ. ಆದರೆ ಯಾರಾದ್ರೂ ಹೊಡೆದ್ರೆ, ಬೈದ್ರೆ ಹೇಳೋಕೆ ಬಾರದೇ ಇರೋರು ಇರ್ತಾರಲ್ಲ, ಅವರಿಗೆ ಕ್ಯಾಮೆರಾನೇ ಬಾಯಿ.

ರಾತ್ರಿಪಾಳಿ
ಎರಡೂ ಸರಿ. ಕಾರಿಡಾರು, ಮೆಟ್ಟಿಲು, ಊಟದ ಹಾಲಿನಲ್ಲಿ ಇರಲಿ. ರೂಮಿನೊಳಗೆ ಬೇಕಾದ್ರೆ ಅಲ್ಲಿ ಇರೋರ ಒಪ್ಪಿಗೆ ಬೇಕು, ಜೊತೆಯವರಿದ್ರೆ ಅವರದ್ದೂ. ಆದರೆ ಡೈಪರ್ ಬದಲಾಯಿಸೋದನ್ನ ಮಗ ಆಫೀಸಿನಲ್ಲಿ ಕೂತು ನೋಡೋದು ಸುರಕ್ಷತೆ ಅಲ್ಲ. ಗೊತ್ತುಗುರಿಯಿಲ್ಲದ ಹೊತ್ತಿಗೆ ಮನೆಯವರು ಬಂದು ಹೋಗೋ ನಿವಾಸಿಯನ್ನ ಎಲ್ಲರೂ ಚೆನ್ನಾಗಿ ನೋಡ್ಕೋತಾರೆ. ಹೇಳೋಕೆ ಬೇಜಾರು, ಆದರೆ ನಾನು ಕಂಡದ್ದು ಅದೇ. ಭೇಟಿಗೆ ಇಂಥ ಗಂಟೆಯೇ ಅಂತ ಬಿಗಿ ಕಟ್ಟಿದ ಜಾಗ ನನಗೆ ಹಿಡಿಸಲ್ಲ.

ಸಿಬ್ಬಂದಿ ಎಷ್ಟು ಕಾಲದಿಂದ ಇದ್ದಾರೆ ಅಂತ ನೆಲ ಒರೆಸೋರನ್ನ, ಅಡುಗೆಯವರನ್ನ ಕೇಳಿ. ಆಡಳಿತದವರು ಸರಾಸರಿ ಹೇಳ್ತಾರೆ, ಇವರು ನಿಜ ಹೇಳ್ತಾರೆ. ಅಮ್ಮನಿಗೆ ಇವತ್ತು ಮುಖ ಸಪ್ಪಗಿದೆ ಅಂತ ಗುರುತಿಸೋಕೆ ನಿನ್ನೆಯ ಮುಖ ನೋಡಿದವರೇ ಬೇಕಲ್ಲ.

ಹಳೇಸೈಕಲ್
ಡಿಮೆನ್ಶಿಯಾ ಬಂದ ಮೇಲೆ ಬೀಗ ಹಾಕದೆ ಹೇಗೆ? ಮಾತು ಚೆಂದ, ಆದರೆ ರಸ್ತೆಗೆ ಹೋದ್ರೆ?

ಗುಳಿಗೆಡಬ್ಬಿ
ಹೊರಗಿನ ಗೇಟಿಗೆ ಕಾವಲು, ಒಳಗೆ ಓಡಾಟ ಬಿಚ್ಚಿ ಬಿಡೋದು ಒಂದು ದಾರಿ. ನೆದರ್ಲೆಂಡ್ಸಿನ ವೇಸ್ಪ್‌ನಲ್ಲಿ ಹೋಗವೇಕ್ ಅನ್ನೋ ಊರಿನಂಥ ಜಾಗ 2009ರಲ್ಲಿ ಶುರುವಾಯ್ತು. ಬೀದಿ, ಅಂಗಡಿ, ತೋಟ ಎಲ್ಲ ಒಳಗೇ, ನಿವಾಸಿಗಳು ತಿರುಗಾಡ್ತಾ ಇರ್ತಾರೆ. ಅಷ್ಟು ದೊಡ್ಡದು ಎಲ್ಲಾ ಕಡೆ ಆಗಲ್ಲ. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರೋ ದಾರಿ, ಕೂರೋಕೆ ಬೆಂಚು, ಇಷ್ಟಿದ್ರೂ ಸಂಜೆ ಹೊತ್ತಿನ ಚಡಪಡಿಕೆ ಎಷ್ಟೋ ತಗ್ಗುತ್ತೆ.

ಸುಮ್ನೆಓದೋನು
ಸರ್ಕಾರಿ ರೇಟಿಂಗ್ ಇರುತ್ತಲ್ಲ? ಅದನ್ನಾದ್ರೂ ನಂಬಬಹುದಾ, ಇಲ್ಲ ಅದಕ್ಕೂ ಮೊಂಡುವಾದಿ ಏನಾದ್ರೂ ಅಂತಾರಾ?

ಮೊಂಡುವಾದಿ
ಅಂತೀನಿ. ಅಮೆರಿಕದಲ್ಲಿ ನರ್ಸಿಂಗ್ ಹೋಮುಗಳಿಗೆ ಐದು ಸ್ಟಾರ್ ಪದ್ಧತಿ 2008ರಲ್ಲಿ ಬಂತು. ಸಿಬ್ಬಂದಿ ಎಷ್ಟಿದ್ದಾರೆ ಅಂತ ಬಹಳ ವರ್ಷ ಅವರವರೇ ಬರೆದುಕೊಟ್ಟದ್ದನ್ನ ಒಪ್ತಿದ್ರು. 2018ರಿಂದ ಸಂಬಳದ ಲೆಕ್ಕ ಹಿಡಿದು ನೋಡೋಕೆ ಶುರು ಮಾಡಿದ್ರು. ಅದೂ ನರ್ಸಿಂಗ್ ಹೋಮಿಗೆ ಮಾತ್ರ, ಸುಮ್ಮನೆ ವಸತಿ ಕೊಡೋ ಸಮುಚ್ಚಯಕ್ಕೆ ಅಲ್ಲ. ನಕ್ಷತ್ರ ಬಿಡಿ, ತಪಾಸಣೆ ವರದಿ ಸಿಕ್ರೆ ಅದನ್ನೇ ಓದಿ. ಹೋದ ಸಲದ ವರದಿಯಲ್ಲಿ ಇದ್ದ ತಪ್ಪು ಈ ಸಲದ್ದರಲ್ಲೂ ಇದೆಯಾ ನೋಡಿ.

ಮಳೆಗಾಲದಕೊಡೆ
ಎಲ್ಲರಿಗೂ ಥ್ಯಾಂಕ್ಸ್. ಹಳೇ ಕಟ್ಟಡದವರು ಸ್ವಲ್ಪ ದಿನ ತಂಗಿ ನೋಡಿ ಅಂದ್ರು, ಹೊಸ ಜಾಗದವರು ಅಂಥ ಏರ್ಪಾಡಿಲ್ಲ ಅಂದ್ರು. ಆದರೆ ಹಳೇ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಕಾಣಲಿಲ್ಲ, ಹಾಗಾಗಿ ಅಕ್ಕನೂ ಈಗ ಮೌನ. ಮೂರನೇ ಜಾಗ ಹುಡುಕೋದು ಅಂತ ಆಗಿದೆ. ಅಲ್ಲಿವರೆಗೆ ಮನೆ ಬಚ್ಚಲಿಗೆ ಹಿಡಿಕೆ ಹಾಕಿಸ್ತಿದ್ದೀನಿ. ಬಿಸಿನೀರಿನ ವಿಷಯಕ್ಕೆ ಏನಾದ್ರೂ ನೋಡಬೇಕಾ?

ಹಳೇಸೈಕಲ್
ನೋಡಲೇಬೇಕು. ದೊಡ್ಡ ಟ್ಯಾಂಕಿನಲ್ಲಿ ನೀರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಇಲ್ಲದಿದ್ರೆ ಶ್ವಾಸಕೋಶದ ಸೋಂಕು ತರೋ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದೇ 60 ಡಿಗ್ರಿ ಮೈಮೇಲೆ ಬಿದ್ರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತೆ. ಆದ್ದರಿಂದ ನಲ್ಲಿಯ ಹತ್ತಿರ ತಣ್ಣೀರು ಬೆರೆಸೋ ಥರ್ಮೋಸ್ಟಾಟಿಕ್ ವಾಲ್ವ್ ಇರಬೇಕು. ಆರೈಕೆ ಕೇಂದ್ರಗಳ ಸ್ನಾನದ ತೊಟ್ಟಿಗೆ ಬ್ರಿಟನ್ನಿನಲ್ಲಿ 44 ಡಿಗ್ರಿ ಮಿತಿ. ಮೂರನೇ ಜಾಗಕ್ಕೆ ಹೋಗುವಾಗ ಒಂದು ಥರ್ಮಾಮೀಟರ್ ಜೇಬಲ್ಲಿ ಇಟ್ಕೊಳ್ಳಿ.

ಸುಮ್ನೆಓದೋನು
ಅಣ್ಣ ಜೊತೆಗೆ ಬರ್ತಾ ಇದ್ರೆ ಥರ್ಮಾಮೀಟರ್ ವಿಷಯ ಅವರಿಗೆ ಮೊದಲೇ ಹೇಳಬೇಡಿ.